ಕಿವಿ ಮೇಸ್ತ್ರಿಗಳ ತರಬೇತಿ

ಮೂವತ್ತು ವರ್ಷ ಗ್ಯಾರೇಜಿನಲ್ಲಿ ಪಳಗಿದ ಕಿವಿ ಮೇಸ್ತ್ರಿಗಳು ಈಗ ಹೊಸ ಕಾಲದ ಮೆಕ್ಯಾನಿಕ್ ಆಗುವ ತರಬೇತಿಯ ಕೊನೆಯ ಬೆಂಚಿನಲ್ಲಿ ವಿರಾಜಮಾನರಾಗಿದ್ದಾರೆ. ಸರ್ಟಿಫಿಕೇಟ್ ಇಲ್ಲದವರು ಇನ್ನು ಬಾನೆಟ್ ಎತ್ತುವಂತಿಲ್ಲವೆಂದು ಮಾಲೀಕರ ಅಪ್ಪಣೆಯಾಗಿದೆ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಕಣ್ಣು ಮುಚ್ಚಿದರೆ ಎಂಥ ಗಾಡಿಯೂ ತನ್ನ ಸಂಕಟವನ್ನೆಲ್ಲ ತೋಡಿಕೊಳ್ಳುತ್ತದೆಂಬುದು ಅವರ ಹೆಗ್ಗಳಿಕೆ. ಹಾಗಾಗಿ ಕಂಪ್ಯೂಟರ್ ತಪಾಸಣೆಯ ಪಾಠ ಶುರುವಾದೊಡನೆ, "ಅದಕ್ಕೇನ್ ಗೊತ್ತು, ನಿನ್ನೆ ಮೊನ್ನೆ ಹುಟ್ಟಿದ್ದು!" ಎಂದು ಆಕಳಿಸುತ್ತಾರೆ, ಪಾಠ ಹೇಳುವ ಮೇಡಂ ತಮ್ಮ ಮಗಳಿಗಿಂತ ಚಿಕ್ಕವಳೆಂದು ದಿನಕ್ಕೆ ನಾಲ್ಕು ಸಲ ಜ್ಞಾಪಿಸುತ್ತಾರೆ. ಪ್ರಶ್ನೆಪತ್ರಿಕೆಯನ್ನೂ ಅವರು ಕಿವಿಗೆ ಹಿಡಿದೇ ಓದುತ್ತಾರೆಂದು ಮುಂದಿನ ಬೆಂಚಿನವರ ಗುಮಾನಿ. ಮೊನ್ನೆ ತರಗತಿಗೆ ಬ್ಯಾಟರಿ ಕಾರು ಬಂತು. ಮೇಸ್ತ್ರಿಗಳು ಠೀವಿಯಿಂದ ಎದ್ದುಹೋಗಿ ಸ್ಕ್ರೂಡ್ರೈವರ್ ಒತ್ತಿ, "ಸ್ಟಾರ್ಟ್ ಮಾಡಮ್ಮ" ಎಂದರು. "ಆಗ್ಲೇ ಮಾಡಿದೀನಿ ಸಾರ್" ಎಂದಳು ಮೇಡಂ. ತರಗತಿಯೆಲ್ಲ ಗೊಳ್ಳೆಂದಿತು. ಅವರು ಮಾತ್ರ ಬೇರೆ ಬೇರೆ ಕಡೆ ಒತ್ತಿ, ಉಸಿರು ಹಿಡಿದು ಕೇಳಿದರು. ಕೊನೆಗೆ, "ಪಾಪ, ಇದಕ್ಕೆ ಬಾಯೇ ಇಲ್ವಲ್ಲಮ್ಮ, ಒಳಗೇನಾದ್ರೂ ಕೆಟ್ರೆ ಯಾರ ಹತ್ರ ಹೇಳ್ಕೊಳ್ಳುತ್ತೆ?" ಎಂದರು, ಪರೀಕ್ಷೆಯಲ್ಲಿ ಎರಡು ಸಲ ಫೇಲಾದದ್ದನ್ನು ಇನ್ನೂ ಹೆಂಡತಿಗೂ ಹೇಳದ ಮೇಸ್ತ್ರಿಗಳು.