ಹಿಮ ಕರಗಿದ ಮಾತ್ರಕ್ಕೆ

"ನಮ್ಮಣ್ಣ ಕುಡಿಯೋದು ಬಿಟ್ಟಿದ್ದಾನೆ, ಮದುವೆಗೆ ಧಾರಾಳವಾಗಿ ಬರ್ತಾನೆ" ಎಂದು ನಾನು ಬಿಟ್ಟಂಗಾಲದ ನೆಂಟರಿಗೆ ಫೋನಿನಲ್ಲಿ ಹೇಳಿದ್ದೇ ತಡ, ಅತ್ತಿಗೆ ಒಲೆ ಬಿಟ್ಟು ಎದ್ದು ಬಂದರು.

"ಬಿಟ್ಟಿದ್ದಾರೆ ಅಂತ ನಿಂಗ್ಯಾರು ಹೇಳಿದ್ದು? ಈಗ ಕುಡೀತಿಲ್ಲ. ಅಷ್ಟೇ ಹೇಳು."

ಎರಡಕ್ಕೂ ಏನು ವ್ಯತ್ಯಾಸ ಸ್ವಾಮಿ? ಕಳೆದ ಮಳೆಗಾಲದಿಂದ ಅಣ್ಣ ಒಂದು ಹನಿ ಮುಟ್ಟಿಲ್ಲ. ಆದರೆ ನಮ್ಮ ಕೊಡಗಿನ ಮದುವೆಗಳು ನಿಮಗೆ ಗೊತ್ತಲ್ಲ. (ಗೊತ್ತಿಲ್ಲದಿದ್ದರೆ ಒಮ್ಮೆ ಬನ್ನಿ.) ಬಂದವರ ಕೈಗೆ ಗ್ಲಾಸ್ ಕೊಡದಿದ್ದರೆ ಮರ್ಯಾದೆ ಕೊಟ್ಟಂತೆಯೇ ಅಲ್ಲ. ಅಲ್ಲಿ ಹೋಗಿ ಎಲ್ಲ ಮೊದಲಿನಂತೆ ಆಗಿಬಿಟ್ಟರೆ? ಅತ್ತಿಗೆಗೆ ಅದೇ ಭಯ.

ಭೂವಿಜ್ಞಾನ ಓದುವ ಅವರ ಮಗಳು ಪಕ್ಕದಲ್ಲೇ ಸೆಮಿನಾರಿಗೆ ತಯಾರಿ ನಡೆಸಿದ್ದಳು. ವಿಷಯ, ಹಿಮಯುಗ. "ಅತ್ತೆ, ನಮ್ಮಲ್ಲೂ ಇದೇ ಜಗಳ" ಎಂದು ನಕ್ಕಳು.

ಹಿಮಯುಗವೆಂದರೆ ಒಂದೇ ಸಮನೆ ಚಳಿಯಲ್ಲವಂತೆ. ನಡುನಡುವೆ ಬೆಚ್ಚಗಿನ ಕಾಲಗಳೂ ಇದ್ದವು. ಯುರೋಪಿನವರು ಅವಕ್ಕೆಲ್ಲ ತಮ್ಮ ಹೊಳೆ, ಊರುಗಳ ಹೆಸರಿಟ್ಟರು. (ನಾವಾಗಿದ್ದರೆ ಕಾವೇರಿ ಅಂತ ಇಟ್ಟು, ಆಮೇಲೆ ಕೋರ್ಟಿಗೆ ಹೋಗುತ್ತಿದ್ದೆವು.) ಒಂದೊಂದು ದೇಶದಲ್ಲಿ ಒಂದೊಂದು ಹೆಸರಾಗಿ ತಲೆಕೆಟ್ಟು, ಕೊನೆಗೆ ನಂಬರ್ ಹಾಕಿದರು.

"ಆದ್ರೆ ಸ್ವಲ್ಪ ಬೆಚ್ಚಗಾದ ತಕ್ಷಣ 'ಇಂಟರ್‌ಗ್ಲೇಶಿಯಲ್' ಅನ್ನೋ ದೊಡ್ಡ ಹೆಸರು ಸಿಗಲ್ಲ ಅತ್ತೆ. ದೊಡ್ಡ ಕಾಡು ವಾಪಸ್ ಬರುವಷ್ಟು ಕಾಲ ಬಿಸಿ ನಿಲ್ಬೇಕು. ಇಲ್ಲಾಂದ್ರೆ ಅದು ಬರೀ 'ಇಂಟರ್‌ಸ್ಟೇಡಿಯಲ್', ಚಿಕ್ಕ ಬಿಡುವು. ನಾವು ಈಗ ಇರೋದೂ ಎರಡು ಚಳಿಗಳ ನಡುವಿನ ಇಂಟರ್‌ಗ್ಲೇಶಿಯಲ್‌ನಲ್ಲೇ. ಚಳಿ ಪೂರ್ತಿ ಮುಗೀತು ಅಂತ ಯಾರೂ ಬರೆದುಕೊಟ್ಟಿಲ್ಲ."

"ಕೇಳಿಸ್ತಾ?" ಎಂದರು ಅತ್ತಿಗೆ.

ನನಗೆ ರೇಗಿತು. ಒಬ್ಬ ಮನುಷ್ಯ ಇಷ್ಟು ಕಷ್ಟಪಟ್ಟಿದ್ದಾನೆ. ಒಂದು ಒಳ್ಳೆಯ ಮಾತಾಡಲು ಕಾಡು ಬೆಳೆಯುವವರೆಗೆ ಕಾಯಬೇಕೆ? ಹಾಗೆಂದೇ ಕೇಳಿಬಿಟ್ಟೆ.

ಅತ್ತಿಗೆ ಮತ್ತೆ ಒಲೆಯ ಕಡೆ ತಿರುಗಿದರು. "ಬೆಚ್ಚಗಿರೋವಾಗ ಬೆಚ್ಚಗಿರೋಣ. ಮದುವೆಗೆ ಹೋಗೋಣ ಮಾರಾಯ್ತಿ. ಹೆಸರು ಮಾತ್ರ ಇಡ್ಬೇಡ" ಎಂದರು.

ಹೋದೆವು. ನೆಂಟರೊಬ್ಬರು ಗ್ಲಾಸ್ ಹಿಡಿದು ಬಂದೇ ಬಂದರು. "ಏನು, ಪೂರ್ತಿ ಬಿಟ್ಬಿಟ್ರಾ?"

"ಇವತ್ತು ಬೇಡ" ಎಂದ ಅಣ್ಣ, ನಿಂಬೆ ಶರಬತ್ತು ತೆಗೆದುಕೊಂಡ.

ಅತ್ತಿಗೆಯೋ, ಅವನಿಗೆ ಬೆನ್ನು ಹಾಕಿ ಕೂತು, ಪಕ್ಕದವರ ಜೊತೆ ಹರಟುತ್ತ ಕಡಂಬುಟ್ಟು, ಪಂದಿಕರಿ ಸವಿಯುತ್ತಿದ್ದರು. ಹಿಂದೆಲ್ಲ ಮದುವೆಗಳಲ್ಲಿ ಅವರು ನೆಮ್ಮದಿಯಾಗಿ ಉಂಡಿದ್ದನ್ನೇ ನಾನು ಕಂಡಿರಲಿಲ್ಲ. ನಿಜಕ್ಕೂ ಖುಷಿಯಾಯಿತು.

ಅಣ್ಣನನ್ನು ಅಷ್ಟೊಂದು ನಂಬಿದ್ದ ನಾನು ಮಾತ್ರ, ಊಟ ಮುಗಿಯುವವರೆಗೂ ಅವನ ಲೋಟದಿಂದ ಕಣ್ಣು ಕೀಳಲಿಲ್ಲ.