ಹೊಡೆದು ಹಾಕಿದ ನಾಲ್ಕು ಸಾಲು

ಅಕ್ಷರ ದುಂಡಗಿರುವ ಮನುಷ್ಯನಿಗೆ ಈ ಲೋಕದಲ್ಲಿ ಬಿಡುವೆಂಬುದಿಲ್ಲ. ಮೂಡಿಗೆರೆಯ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಲಗ್ನಪತ್ರಿಕೆಯ ಕಟ್ಟು ಮೊದಲು ದೇವರ ಮುಂದೆ, ಅನಂತರ ನನ್ನ ಮುಂದೆ ಬಂದು ಕೂರುತ್ತದೆ. ಶಾಲೆಯ ಬೀಳ್ಕೊಡುಗೆ ಪತ್ರದಿಂದ ಹಿಡಿದು ಕಳೆದುಹೋದ ನಾಯಿಯ ಪ್ರಕಟಣೆಯವರೆಗೆ ಎಲ್ಲವೂ ನನ್ನ ಹಸ್ತದಿಂದಲೇ ಆಗಬೇಕು. ಬರೆದದ್ದರ ಸಾರವನ್ನು ಇದುವರೆಗೆ ಒಬ್ಬರೂ ಹೊಗಳಿದ್ದಿಲ್ಲ. 'ಎಂಥ ಅಕ್ಷರ ಮಾರಾಯ್ರೆ' ಎನ್ನುತ್ತಾರೆ, ಅಷ್ಟೆ. ಅಷ್ಟಕ್ಕೇ ಉಬ್ಬಿಹೋಗುವ ಪೈಕಿ ನಾನು.

ವಿದ್ಯೆಯ ವಿಚಾರದಲ್ಲಿ ಮಾತ್ರ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಪಿಯುಸಿ ಮುಗಿಸಿ ಬಿ.ಎ.ಗೆ ಸೇರಿದೆನಾದರೂ ಎರಡನೆಯ ವರ್ಷದಲ್ಲಿ ಪರೀಕ್ಷೆಯೂ ನಾನೂ ಪರಸ್ಪರ ಸಮ್ಮತಿಯಿಂದ ಬೇರೆಯಾದೆವು. ಆಮೇಲೆ ಆರೆಕರೆ ರೊಬಸ್ಟಾ ತೋಟವೇ ನನ್ನ ವಿಶ್ವವಿದ್ಯಾಲಯವಾಯಿತು. ಈ ಅಪೂರ್ಣ ಪದವಿಯೇ ಒಂದು ದಿನ ನನ್ನ ಅರ್ಹತೆಯಾದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಕಳಸದ ಕಡೆಯ ಶಾಲಾ ಮೇಷ್ಟ್ರು ಶ್ಯಾಮರಾಯರು ಒಂದು ಬೆಳಿಗ್ಗೆ ಗಾಬರಿಯಿಂದ ನಮ್ಮ ಮನೆಗೆ ಬಂದರು. ಅವರ ಮಗಳು ವಸುಧಾ ಚಿಕ್ಕಮಗಳೂರಿನ ಕಾಲೇಜಿನಲ್ಲಿ ಅಂತಿಮ ಬಿ.ಎ. ಓದುತ್ತಿದ್ದಳು. ಐದನೆಯ ವಯಸ್ಸಿನಲ್ಲಿ ದಡಾರಕ್ಕೆ ಕಣ್ಣು ಹೋಗಿದ್ದ ಹುಡುಗಿ. ಅವಳು ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆಯಲು ಒಪ್ಪಿದ್ದ ಹುಡುಗಿಗೆ ಸೀತಾಳೆ ಸಿಡುಬು ಎದ್ದು, ಪರೀಕ್ಷೆಗೆ ಎರಡೇ ದಿನ ಉಳಿದಿತ್ತು.

"ಬರೆಯೋರು ಅವಳಿಗಿಂತ ಕಡಿಮೆ ಓದಿರಬೇಕಂತೆ, ರೂಲ್ಸು. ಆದ್ರೆ ಅಕ್ಷರ ಚೆನ್ನಾಗಿರಬೇಕು," ಎಂದು ಮೇಷ್ಟ್ರು ಸಂಕೋಚದಿಂದ ನನ್ನ ಮುಖ ನೋಡಿದರು. "ನಂಗೆ ಕೂಡ್ಲೇ ನಿಮ್ಮ ನೆನಪಾಯ್ತು."

ಹೊಗಳಿದರೋ ತೆಗಳಿದರೋ ಎಂದು ವಿಚಾರಿಸುವ ಸಮಯ ಅದಾಗಿರಲಿಲ್ಲ. ಫಸ್ಟ್ ಕ್ಲಾಸ್ ಬಂದರೆ ಅವಳಿಗೆ ಎಂ.ಎ. ಸೀಟು, ಹಾಸ್ಟೆಲಿನಲ್ಲಿ ಜಾಗ. ಬಾರದಿದ್ದರೆ ಮನೆಯಲ್ಲಿ ಕೂರಬೇಕು ಎಂದಷ್ಟೇ ತಿಳಿದುಕೊಂಡು ಹೊರಟೆ.

ಪರೀಕ್ಷೆಯ ಹಿಂದಿನ ದಿನ ಹಾಸ್ಟೆಲಿನ ಜಗಲಿಯಲ್ಲಿ ಅವಳು ನನ್ನನ್ನೇ ಪರೀಕ್ಷೆ ಮಾಡಿದಳು. ಒಂದು ಪುಟ ಹೇಳಿ ಬರೆಸಿ, ಓದಿಸಿ, ನಾನು ನುಂಗಿದ್ದ ಎರಡು ಪದಗಳನ್ನು ಕಕ್ಕಿಸಿದಳು. ಮೂರು ವರ್ಷ ಅವಳು ಓದಿದ ರೀತಿಯನ್ನು ಅಲ್ಲಿಯ ಗೆಳತಿಯರಿಂದ ಕೇಳಿ ನಾನು ದಂಗಾದೆ. ಹಾಸ್ಟೆಲಿನವರು ಸರದಿಯ ಮೇಲೆ ಪಾಠಗಳನ್ನು ಓದಿ ಕ್ಯಾಸೆಟ್ಟಿಗೆ ತುಂಬಿಸುತ್ತಿದ್ದರು. ಅರ್ಥಶಾಸ್ತ್ರದ ಉಪನ್ಯಾಸಕರೊಬ್ಬರಿಗೆ ಬೋರ್ಡಿನ ಮೇಲೆ ಗೀಚುತ್ತ 'ಇದು ಹೀಗೆ ಏರ್ತದೆ, ಅದು ಹಾಗೆ ಇಳೀತದೆ' ಎನ್ನುವ ಅಭ್ಯಾಸವಂತೆ. ವಸುಧಾ ಎದ್ದು ನಿಂತು "ಇದು ಅಂದ್ರೆ ಯಾವುದು ಸಾರ್?" ಎಂದು ದಿನಾ ಕೇಳಿ ಕೇಳಿ, ಅವರು ಪ್ರತಿಯೊಂದನ್ನೂ ಹೆಸರಿಟ್ಟು ಹೇಳಲು ಕಲಿತರು. ಅಂದಿನಿಂದ ಕಣ್ಣಿದ್ದ ಹಿಂದಿನ ಬೆಂಚಿನವರಿಗೂ ಪಾಠ ಅರ್ಥವಾಗತೊಡಗಿತಂತೆ.

ಪರೀಕ್ಷೆಗೆ ನಮಗೆ ಲೈಬ್ರರಿಯ ಪಕ್ಕದ ಪ್ರತ್ಯೇಕ ಕೋಣೆ, ಅರ್ಧ ಗಂಟೆ ಹೆಚ್ಚಿನ ಸಮಯ, ಮೇಲ್ವಿಚಾರಣೆಗೆ ಒಬ್ಬ ಮೇಡಂ. ಅರ್ಥಶಾಸ್ತ್ರದ ಪ್ರಶ್ನೆಗಳನ್ನು ಓದಿ ಹೇಳಿದೆ. ವಸುಧಾ ಕೈಗಡಿಯಾರದ ಗಾಜಿನ ಮುಚ್ಚಳ ತೆರೆದು ಮುಳ್ಳುಗಳನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡು, ಐದು ಬೆರಳಿಗೆ ಐದು ಅಂಶ ಕಟ್ಟಿಕೊಂಡು, ಪೂರ್ಣವಿರಾಮದ ಸಮೇತ ಹೇಳುತ್ತ ಹೋದಳು. ಒಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟವಳಲ್ಲ. ಇಡೀ ಉತ್ತರವನ್ನು ತಲೆಯಲ್ಲಿ ಮೊದಲೇ ಬರೆದಿಟ್ಟುಕೊಂಡು ಓದುತ್ತಿರುವಂತಿತ್ತು. ನನ್ನ ಪೆನ್ನಿಗೆ ಅಂಥ ಯಜಮಾನರು ಹಿಂದೆಂದೂ ಸಿಕ್ಕಿರಲಿಲ್ಲ.

ಎಲ್ಲ ಸುಸೂತ್ರವಾಗಿ ಸಾಗುತ್ತಿದ್ದಾಗ ನನ್ನ ಗ್ರಹಚಾರಕ್ಕೆ ಆ ಪ್ರಶ್ನೆ ಬಂತು: ಕಾಫಿ ಬೆಳೆಗಾರರ ಸಮಸ್ಯೆಗಳನ್ನು ವಿವರಿಸಿ.

ನೀವೇ ಹೇಳಿ, ಬೆಳೆಗಾರನ ಕೈಗೆ ಪೆನ್ನು ಕೊಟ್ಟು ಈ ಪ್ರಶ್ನೆ ಕೇಳಬಹುದೇ? ನಮ್ಮ ಕಡೆ ಇಬ್ಬರು ಬೆಳೆಗಾರರು ಎದುರಾದರೆ ಕ್ಷೇಮಸಮಾಚಾರ ಆಮೇಲೆ; 'ನಿಮ್ಮಲ್ಲಿ ಎಷ್ಟು ಸೆಂಟು ಬಿತ್ತು?' ಎಂಬ ಮಳೆಯ ಲೆಕ್ಕ ಮೊದಲು. ವಸುಧಾ ಹೂಮಳೆಯ ಬಗ್ಗೆ ಒಳ್ಳೆಯ ನಾಲ್ಕು ಮಾತು ಹೇಳಿ, ಬೆಲೆಯ ಏರಿಳಿತಕ್ಕೆ ಹಾರಿದಳು. ಹೂ ಅರಳಿಸಿದ ಮಳೆಯ ಬೆನ್ನಿಗೆ ಇನ್ನೊಂದು ಮಳೆ, ನಾವು ಬ್ಯಾಕಿಂಗ್ ಎನ್ನುತ್ತೇವಲ್ಲ, ಅದು ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ ಎಂಬುದನ್ನು ಹೇಳಲೇ ಇಲ್ಲ! ಆ ವರ್ಷ ಬ್ಯಾಕಿಂಗ್ ಇಲ್ಲದೆ ನನ್ನ ತೋಟದಲ್ಲಿ ಹೂ ಕರಗಿಹೋಗಿತ್ತು. ಹೊಟ್ಟೆಯ ಸಂಕಟ ಪೆನ್ನಿಗಿಳಿಯಿತು. ಅವಳು ಮುಂದಿನ ವಾಕ್ಯ ಯೋಚಿಸುವಷ್ಟರಲ್ಲಿ ನಾಲ್ಕು ಸಾಲು ಸೇರಿಸಿಬಿಟ್ಟೆ. ಪರೋಪಕಾರವೆಂದೇ ನಂಬಿದ್ದೆ.

"ಓದಿ," ಎಂದಳು.

ಆ ನಾಲ್ಕು ಸಾಲನ್ನು ಬಿಟ್ಟು ಓದಬಹುದಿತ್ತು. ಅಷ್ಟು ನೀಚತನ ಬರಲಿಲ್ಲ; ಓದಿದೆ.

"ಅದು ನಾನು ಹೇಳಿದ್ದಲ್ಲ."

"ಸರಿಯಾದ್ದೇ ಅಮ್ಮ. ಮಾರ್ಕು ಬರ್ತದೆ," ಎಂದು ಪಿಸುಗುಟ್ಟಿದೆ.

"ಬಂದ್ರೆ ಅದು ನಿಮ್ಮ ಮಾರ್ಕು. ಹೊಡೆದು ಹಾಕಿ ಮಾವ."

ಹೊಡೆದು ಹಾಕಿದೆ. ಅಷ್ಟಕ್ಕೆ ಮುಗಿಯಲಿಲ್ಲ. "ಮೇಡಂ, ಇಲ್ಲಿ ನಾನು ಹೇಳದ ನಾಲ್ಕು ಸಾಲು ಬಂದಿತ್ತು. ಹೊಡೆಸಿದ್ದೇನೆ. ನೀವು ಸೈನ್ ಮಾಡ್ಬೇಕು," ಎಂದು ಗಟ್ಟಿಯಾಗಿ ಕರೆದಳು. ಮೇಡಂ ಮನಸ್ಸು ಮಾಡಿದ್ದರೆ ನಕಲೆಂದು ಬರೆದು ಅವಳ ಮೂರು ವರ್ಷವನ್ನು ಅಲ್ಲಿಗೇ ಮುಗಿಸಬಹುದಿತ್ತು. ಅವರು ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಪಕ್ಕದಲ್ಲಿ ರುಜು ಹಾಕಿ ಹೋದರು.

ವಿಶ್ವವಿದ್ಯಾಲಯ ಅವಳಿಗೆ ಕೊಟ್ಟಿದ್ದು ಒಂದು ಕೈ. ನಾನು ಅದರ ಜೊತೆಗೆ ತಲೆಯನ್ನೂ ಧಾರೆಯೆರೆಯಲು ಹೊರಟಿದ್ದೆ, ಅದೂ ಬಿ.ಎ. ಅರ್ಧಕ್ಕೆ ಬಿಟ್ಟ ತಲೆಯನ್ನು! ಹೊರಗೆ ಬಂದು, "ನಾಳೆಗೆ ಬೇರೆಯವರನ್ನು ನೋಡಿಕೋ ತಾಯಿ," ಎಂದೆ.

"ಬೇರೆಯವ್ರಿಗೆ ಮತ್ತೆ ಮೊದಲಿಂದ ಕಲಿಸ್ಬೇಕಲ್ಲ. ನೀವೇ ಬನ್ನಿ," ಎಂದಳು.

ಫಲಿತಾಂಶ ಬಂದಾಗ ಫಸ್ಟ್ ಕ್ಲಾಸಿಗೆ ಎರಡು ಅಂಕ ಕಡಿಮೆ. ನನಗೆ ಅನ್ನ ಸೇರಲಿಲ್ಲ. ಕಳಸಕ್ಕೆ ಬಸ್ಸು ಹತ್ತಿ ಹೋಗಿ, ಆ ನಾಲ್ಕು ಸಾಲು ಇದ್ದಿದ್ದರೆ ಎಂದು ಬಾಯಿಬಿಟ್ಟೇಬಿಟ್ಟೆ. ಅವಳೂ ಅತ್ತಿದ್ದಳೆಂದು ಕಾಣುತ್ತದೆ. "ಆ ಎರಡು ಮಾರ್ಕು ಇಟ್ಕೊಂಡು ನಾನೇನು ಮಾಡ್ಲಿ ಮಾರಾಯ್ರೆ? ಆ ಪೇಪರ್ ಮತ್ತೆ ಕಟ್ತೇನೆ. ಪೆನ್ನು ತಗೊಂಡು ಬನ್ನಿ," ಎಂದಳು.

ಮರುವರ್ಷ ಅದೇ ಕೋಣೆ. ದುರದೃಷ್ಟಕ್ಕೆ ಕಾಫಿ ಮತ್ತೆ ಬಂತು. ಅವಸರದಲ್ಲಿ ವಸುಧಾ ಅರೇಬಿಕಾ ತಗ್ಗಿನಲ್ಲೂ ರೊಬಸ್ಟಾ ಎತ್ತರದಲ್ಲೂ ಚೆನ್ನಾಗಿ ಬರುತ್ತದೆಂದು ಅದಲುಬದಲು ಮಾಡಿ ಹೇಳಿದಳು. ಬಾಬಾಬುಡನ್‌ಗಿರಿಯ ಕಾಲಬುಡದಲ್ಲಿ ಕುಳಿತು, ರೊಬಸ್ಟಾದ ಅನ್ನವನ್ನೇ ತಿನ್ನುವ ನಾನು, ಹಲ್ಲು ಕಚ್ಚಿ ಅದನ್ನು ನನ್ನ ಅತ್ಯಂತ ಚೆಂದದ ಅಕ್ಷರದಲ್ಲಿ ಬರೆದೆ. "ಓದಿ," ಎಂದಳು. ದನಿ ಏರಿಸದೆ, ತಡೆಯದೆ, ಸೀದಾ ಓದಿದೆ. ಅವಳು ಗಡಿಯಾರದ ಮುಳ್ಳು ಮುಟ್ಟಿ ನೋಡಿಕೊಂಡಳು. ನಾನು ಪೆನ್ನು ಎತ್ತಿ ಹಿಡಿದು ಕುಳಿತೆ.

"ಸರಿ, ಮುಂದಕ್ಕೆ," ಎಂದಳು.

ಮುಂದಕ್ಕೆ ಬರೆದೆ. ಆ ತಪ್ಪಿನ ಸಮೇತ ಅವಳಿಗೆ ಫಸ್ಟ್ ಕ್ಲಾಸ್ ಬಂತು.