ನಮ್ಮ ಬದಲು ನೋಡುವ ಕಣ್ಣು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಾಲ್ಕನೇ ಮಹಡಿಯ ಕಚೇರಿಯಲ್ಲಿ ಆಕೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಕಂಪ್ಯೂಟರ್ ಹಚ್ಚಿದ ಕೂಡಲೇ ಸದ್ದು ಅಡಗಿಸುತ್ತಾರೆ, ಪರದೆಯ ಬಣ್ಣ ತೆಗೆದು ಕಪ್ಪು-ಬಿಳುಪು ಮಾಡುತ್ತಾರೆ. "ಬಣ್ಣ ಇಲ್ದಿದ್ರೆ ರಕ್ತಾನೂ ನೀರಿನ ಥರ ಕಾಣುತ್ತೆ. ಕೂಗು ಕೇಳಿಸ್ದೇ ಇದ್ರೆ ಮಧ್ಯಾಹ್ನ ಊಟ ಗಂಟಲಲ್ಲಿ ಇಳಿಯುತ್ತೆ" ಎನ್ನುತ್ತಾರೆ.

ಜನ ಜಾಲತಾಣಕ್ಕೆ ಹಾಕುವ ವಿಡಿಯೊಗಳಲ್ಲಿ ನೋಡಬಾರದ್ದನ್ನು ಹೆಕ್ಕಿ ತೆಗೆಯುವುದು ಆಕೆಯ ಕೆಲಸ. ಹೊಡೆದಾಟ, ಅಪಘಾತ, ಬಾಯಿಬಿಟ್ಟು ಹೇಳಲಾಗದ ಇನ್ನೂ ಏನೇನೋ. ದಿನಕ್ಕೆ ಏಳೆಂಟು ನೂರು. ಒಂದೊಂದಕ್ಕೂ ಕೆಲವೇ ಸೆಕೆಂಡು. ನಾವು ಹಾಸಿಗೆಯಲ್ಲೇ ಹೊರಳಿ ಫೋನು ಹುಡುಕುವ ಹೊತ್ತಿಗೆ, ನಮ್ಮ ಕಣ್ಣಿಗೆ ಬೀಳಬೇಕಿದ್ದದ್ದನ್ನು ಆಕೆ ನೋಡಿ ಮುಗಿಸಿರುತ್ತಾರೆ.

ಅದರ ಬೆಲೆ ತೆರುವುದು ಮನೆಯಲ್ಲಿ. ಕುಕ್ಕರ್ ಕೂಗಿದರೆ ಬೆಚ್ಚಿಬೀಳುತ್ತಾರೆ. ಟೊಮೆಟೊ ಹೆಚ್ಚಲು ಆಗುವುದಿಲ್ಲ, ಅತ್ತಿಗೆಯೇ ಹೆಚ್ಚಿಕೊಡುತ್ತಾರೆ. ಅಣ್ಣ, ಅತ್ತಿಗೆ, ಅವರ ಮಗಳು ಮತ್ತು ಈಕೆ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗಿದ್ದವರು.

ಅಣ್ಣ ವೈರಿಂಗ್ ಕೆಲಸದವನು, ಸ್ಕೂಟರಿಗೆ ಏಣಿ ಕಟ್ಟಿಕೊಂಡು ಓಡಾಡುತ್ತಿದ್ದ. ಒಮ್ಮೆ ಈಕೆ ಅವನಿಗೆ ಕೆಂಡದಂಥ ಕೆಂಪು ಶರ್ಟು ತಂದುಕೊಟ್ಟರು. "ಇದನ್ನ ಹಾಕ್ಕೊಂಡು ರಸ್ತೇಲಿ ನಿಂತ್ರೆ ಸಿಗ್ನಲ್ ಅಂದ್ಕೊಂಡು ಗಾಡಿಗಳೆಲ್ಲ ನಿಂತ್ಬಿಡ್ತಾವೆ ಕಣೇ!" ಎಂದು ಅವನು ರೇಗಿಸಿದ್ದ. ಆದರೂ ವಾರಕ್ಕೆರಡು ಬಾರಿ ಅದನ್ನೇ ಹಾಕುತ್ತಿದ್ದ.

ಕಳೆದ ವರ್ಷ ಒಂದು ಬೆಳಗ್ಗೆ ಪರದೆಯ ಮೇಲೊಂದು ಅಪಘಾತ ಬಂತು. ಬಸ್ಸು, ಅಡ್ಡಬಿದ್ದ ಸ್ಕೂಟರು, ರಸ್ತೆಯ ಮೇಲೆ ಚಾಚಿಕೊಂಡ ಒಂದು ಏಣಿ, ಬೂದು ಅಂಗಿಯ ಮನುಷ್ಯ. ಆಕೆ ಗುಂಡಿ ಒತ್ತಿ ತೆಗೆದುಹಾಕಿದರು, ಮುಂದಿನದ್ದು ಬಂತು. ಸ್ವಲ್ಪ ಹೊತ್ತಿಗೆ ಅತ್ತಿಗೆಯ ಫೋನು. ಆಸ್ಪತ್ರೆಗೆ ಓಡಿದರು. ಅಲ್ಲಿ ಪೊಲೀಸರು ಏಣಿಯ ಮಾತೆತ್ತಿದಾಗಲೇ ಆಕೆಗೆ ತಾನು ನೋಡಿದ್ದು ಯಾರನ್ನು ಎಂದು ಹೊಳೆದದ್ದು.

"ಬಣ್ಣ ಇದ್ದಿದ್ರೆ ಆ ಕೆಂಪು ಶರ್ಟು ನೋಡೇ ಗುರುತು ಹಿಡೀತಿದ್ದೆ," ಎನ್ನುತ್ತಾರೆ. "ಆಸ್ಪತ್ರೇಲಿ ಉಸಿರು ನಿಂತ ಅವನ ಮುಖ ನೋಡ್ದಾಗ ಅಳುನೂ ಬರ್ಲಿಲ್ಲ. ನನ್ನ ಬೆರಳು ಗುಂಡಿ ಹುಡುಕ್ತಿತ್ತು."

ಎಷ್ಟೋ ದಿನ ಆ ವಿಡಿಯೊ ವಿಷಯ ಯಾರಿಗೂ ಹೇಳಲಿಲ್ಲ. ಕೊನೆಗೆ ತಡೆಯಲಾಗದೆ ಅತ್ತಿಗೆಯ ಮುಂದೆ ಬಾಯಿಬಿಟ್ಟರು. ಅತ್ತಿಗೆ ಬೈಯಲಿಲ್ಲ. "ಅವ್ರಿಗೆ ತುಂಬಾ ನೋವಾಗಿತ್ತಾ?" ಎಂದಷ್ಟೇ ಕೇಳಿದರು.

"ಗೊತ್ತಿಲ್ಲ ಅತ್ತಿಗೆ. ಸದ್ದು ಇರ್ಲಿಲ್ಲ."

ಅತ್ತಿಗೆ ಎದ್ದು ಒಳಗೆ ಹೋದರು. ಮರುದಿನ ಎಂದಿನಂತೆ ಈಕೆಯ ಡಬ್ಬಿ ಕಟ್ಟಿಕೊಟ್ಟರು.

ಕೆಲಸ ಬಿಡಬಹುದಿತ್ತಲ್ಲ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಅಣ್ಣನ ಮಗಳಿಗೆ ಈಗ ಹದಿನಾಲ್ಕು. ಇತ್ತೀಚೆಗೆ ಒಂದು ಸಂಜೆ ಹುಡುಗಿ ಮೂಲೆಯಲ್ಲಿ ಕೂತು, ಅಪ್ಪ ಬಿದ್ದ ರಸ್ತೆಯ ಹೆಸರು ಹಾಕಿ ಫೋನಿನಲ್ಲಿ ಹುಡುಕುತ್ತಿದ್ದಳಂತೆ. ಆಕೆ ಹೋಗಿ ಪಕ್ಕದಲ್ಲಿ ಕೂತರು.

"ಹುಡುಕ್ಬೇಡ ಪುಟ್ಟಿ, ಸಿಗಲ್ಲ."

"ನಿಂಗೆ ಹೇಗೆ ಗೊತ್ತತ್ತೆ?"

"ನಾನೇ ತೆಗ್ದಿದ್ದು."

ಹುಡುಗಿ ಫೋನು ಬೋರಲು ಹಾಕಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟಳಂತೆ. ಅದನ್ನು ಹೇಳುವಾಗ ಆಕೆಯ ಕಣ್ಣು ತುಂಬಿ ಬರುತ್ತದೆ, ಒರೆಸಿಕೊಳ್ಳುವುದಿಲ್ಲ.

"ಯಾರೋ ಏನೋ ಅಂದ್ಕೊಂಡೇ ತೆಗ್ದೆ. ಆದ್ರೆ ಅವನು ಹಾಗೆ ಬಿದ್ದಿದ್ದನ್ನ ಊರೆಲ್ಲ ನೋಡ್ಲಿಲ್ಲ. ಅಷ್ಟು ಮಾಡಿದೀನಿ ನಮ್ಮಣ್ಣನಿಗೆ."